ಹಳೆ ಆಂಪ್ಲಿಫೈಯರ್, ಹಳೆ ಸ್ಪೀಕರ್: ಹುಬ್ಬಳ್ಳಿ-ಧಾರವಾಡದ ಮನೆಗೆ ಯಾವ ಜೋಡಿ ಒಗ್ಗುತ್ತದೆ?

ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ಕೈಯಲ್ಲಿ ಹತ್ತೋ ಇಪ್ಪತ್ತೈದೋ ಸಾವಿರ ಇದೆ. ಹೊಸ ಸೌಂಡ್‌ಬಾರ್ ಬೇಡ, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಸ್ಟೀರಿಯೋ ಮಾಡಿಕೊಳ್ಳಬೇಕು. ಒಂದು ಕಡೆ 80ರ ದಶಕದ ಜಪಾನಿ ಆಂಪ್ಲಿಫೈಯರ್ ಸಿಕ್ಕಿದೆ, ಇನ್ನೊಂದು ಕಡೆ ಹತ್ತು ವರ್ಷ ಹಳೆಯ ಎವಿ ರಿಸೀವರ್ (ಟಿವಿ, ಸಿನಿಮಾ ಸದ್ದಿಗೆ ಮಾಡಿದ ಆಂಪ್ಲಿಫೈಯರ್) ಇದೆ, ಮಾವನ ಮನೆಯ ಅಟ್ಟದ ಮೇಲೆ ದೊಡ್ಡ ಮರದ ಸ್ಪೀಕರ್ ಜೋಡಿಯೊಂದು ಕೂತಿದೆ. ಯಾವುದು ತಗೊಳ್ಳಲಿ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸ್ಪೀಕರನ್ನು ಹಾಡು ಕೇಳಿ ಆರಿಸಿ. ಆಂಪ್ಲಿಫೈಯರನ್ನು ರಿಪೇರಿ ಮಾಡುವವರನ್ನು ಕೇಳಿ ಆರಿಸಿ. ಮನೆಯಲ್ಲಿ ಕೇಳುವ ದನಿ ಹೇಗಿರುತ್ತದೆ ಅನ್ನುವುದನ್ನು ಬಹುಪಾಲು ಸ್ಪೀಕರ್ ಮತ್ತು ಕೋಣೆ ನಿರ್ಧರಿಸುತ್ತವೆ. ಆಂಪ್ಲಿಫೈಯರ್ ಸುಸ್ಥಿತಿಯಲ್ಲಿದ್ದರೆ ಒಂದಕ್ಕೂ ಇನ್ನೊಂದಕ್ಕೂ ಅಷ್ಟು ದೊಡ್ಡ ಅಂತರ ಇರುವುದಿಲ್ಲ. ಆದರೆ ಅದು ಕೆಟ್ಟರೆ ಇಡೀ ಸೆಟ್ಟು ಮೂಲೆ ಸೇರುತ್ತದೆ. ಬೆಂಗಳೂರಿನಲ್ಲಾದರೆ ಬಿಡಿಭಾಗಕ್ಕೆ ಎಸ್‌ಪಿ ರೋಡ್ ಇದೆ. ನಮ್ಮಲ್ಲಿ ಅದೇ ಭಾಗಕ್ಕೆ ವಾರಗಟ್ಟಲೆ ಕಾಯಬೇಕು.

ಮೊದಲು ಇವನ್ನು ಗಟ್ಟಿ ಮಾಡಿಕೊಳ್ಳಿ

ನೀವು ಕೇಳುವುದು ಏನು? ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಹಾಡು ಅಂದರೆ ಗಾಯನವೇ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಬಸವರಾಜ ರಾಜಗುರು, ಜೊತೆಗೆ ವಚನ, ದಾಸರ ಪದ, ಭಾವಗೀತೆ. ಈ ಹಿರಿಯರ ರೆಕಾರ್ಡಿಂಗ್‌ಗಳಲ್ಲಿ ಬಹಳಷ್ಟು ಹಳೆಯವು, ಎಷ್ಟೋ ಮೋನೋ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು), ಹಿಂದೆ ಟೇಪಿನ 'ಸ್‌ಸ್' ಸದ್ದು ಇದ್ದೇ ಇರುತ್ತದೆ. ಟ್ರೆಬಲ್, ಅಂದರೆ ಮೇಲಿನ ಸ್ವರ, ಎದ್ದು ಹೊಡೆಯುವ ಸ್ಪೀಕರ್ ಅಂಗಡಿಯಲ್ಲಿ ಬಹಳ ಸ್ವಚ್ಛ ಅನ್ನಿಸುತ್ತದೆ, ಮನೆಗೆ ತಂದು ಒಂದು ವಿಲಂಬಿತ್ ಖಯಾಲ್ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಹಾಗಾಗಿ ಗಾಯನ ಕೇಳುವವರಿಗೆ ನಡುಸ್ವರ ಮುಖ್ಯ. ಮನುಷ್ಯನ ದನಿಯ ಮೂಲ ಸ್ವರಗಳು ಸುಮಾರು 80ರಿಂದ 1000 ಹರ್ಟ್ಜ್ ಒಳಗೇ ಇರುತ್ತವೆ. ಐದು-ಆರು ಇಂಚಿನ ಒಳ್ಳೆಯ ವೂಫರ್ (ಸ್ಪೀಕರಿನಲ್ಲಿ ತಗ್ಗಿನ ಸ್ವರ ನುಡಿಸುವ ದೊಡ್ಡ ಕೋನ್) ಇದನ್ನು ಪೂರ್ತಿ ನಿಭಾಯಿಸುತ್ತದೆ, ಹನ್ನೆರಡು ಇಂಚು ಬೇಕಿಲ್ಲ. ಸಿನಿಮಾ, ಇಂದಿನ ಪಾರ್ಟಿ ಹಾಡು ಜಾಸ್ತಿ ಅಂದರೆ ಮಾತು ಬೇರೆ.

ಎರಡನೆಯದು ಕೋಣೆ. ಮಾಳಮಡ್ಡಿಯ ಹಂಚಿನ ಮನೆಯ ಪಡಸಾಲೆಯೂ ವಿದ್ಯಾನಗರದ ಅಪಾರ್ಟ್‌ಮೆಂಟಿನ ಹಾಲೂ ಒಂದೇ ಅಲ್ಲ. ಹತ್ತು ಅಡಿಗೆ ಹನ್ನೆರಡರ ಕೋಣೆಗೆ ಆಳೆತ್ತರದ ಸ್ಪೀಕರ್ ಹಾಕಿದರೆ ಬಾಸ್ ಗುಂಯ್‌ಗುಡುತ್ತದೆ ಅಷ್ಟೇ.

ಮೂರನೆಯದು ರಿಪೇರಿ. ನಾಲ್ಕನೆಯದು, ಈಗಿನ ಟಿವಿ ಮತ್ತು ಮೊಬೈಲಿಗೆ ಅದು ಜೋಡಿಯಾಗುತ್ತದೋ ಇಲ್ಲವೋ. ಕೊನೆಯದು ದುಡ್ಡು. ಇಲ್ಲಿ ಒಂದು ಮಾತು: ಬಜೆಟ್ಟನ್ನೆಲ್ಲ ಖರೀದಿಗೇ ಸುರಿಯಬೇಡಿ, ಸುಮಾರು 15 ಪರ್ಸೆಂಟ್ ರಿಪೇರಿ, ವೈರ್, ಸ್ಟ್ಯಾಂಡಿಗೆ ಎತ್ತಿಡಿ. ಹಳೆ ಸಾಮಾನು ತಂದ ಮೇಲೆ ಏನಾದರೊಂದು ಖರ್ಚು ಬಂದೇ ಬರುತ್ತದೆ.

ಆಂಪ್ಲಿಫೈಯರ್: ಯಾವ ಜಾತಿಯದು?

ಹಳೆಯ ಸ್ಟೀರಿಯೋ ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಅಂದರೆ ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಡಬ್ಬಿಯಲ್ಲಿರುವುದು, ನನ್ನ ಮೊದಲ ಆಯ್ಕೆ. ಸಾನ್ಸುಯಿ, ಪಯೋನಿಯರ್, ಟೆಕ್ನಿಕ್ಸ್, ಯಮಹಾ, ಮರಾಂಟ್ಜ್, ಡೆನಾನ್, ನಮ್ಮ ದೇಶದ್ದೇ ಆದರೆ ಕೋಲ್ಕತ್ತದ ಸೋನೋಡೈನ್, ಬೆಂಗಳೂರಿನ ನಾರ್ಜ್, ಮುಂಬಯಿಯ ಕಾಸ್ಮಿಕ್. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ಎರಡು ದಪ್ಪ ಕೆಪಾಸಿಟರ್, ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಪಟ್ಟಿ) ಕೂತ ಟ್ರಾನ್ಸಿಸ್ಟರ್. ಬೋರ್ಡ್ ಸರಳ, ಕಣ್ಣಿಗೆ ಕಾಣುತ್ತದೆ, ಬೆಸುಗೆ ಹಾಕಲು ಕೈ ಹೋಗುತ್ತದೆ. ಟಿವಿ, ಡೆಕ್ ರಿಪೇರಿ ಮಾಡುತ್ತಲೇ ತಲೆ ನರೆತ ಮೆಕ್ಯಾನಿಕ್‌ಗಳು ಇದನ್ನು ಧೈರ್ಯವಾಗಿ ಬಿಚ್ಚುತ್ತಾರೆ.

ಒಂದು ಎಚ್ಚರ ಮಾತ್ರ. ಒಳಗೆ ಬಿಡಿ ಟ್ರಾನ್ಸಿಸ್ಟರ್ ಇದೆಯೋ, ಆಂಪ್ಲಿಫೈಯರಿನ ಮುಖ್ಯ ಭಾಗವೆಲ್ಲ ಒಂದೇ ಚಿಪ್ಪಿನಲ್ಲಿರುವ 'ಎಸ್‌ಟಿಕೆ' ಐಸಿ ಇದೆಯೋ ಕೇಳಿ. ಸಾನ್ಯೋ ಕಂಪನಿಯ ಎಸ್‌ಟಿಕೆ ಐಸಿಗಳನ್ನು ಒಂದು ಕಾಲದಲ್ಲಿ ಎಲ್ಲರೂ ಬಳಸಿದರು, ದನಿಯೂ ಚೆನ್ನಾಗಿಯೇ ಇತ್ತು. ಈಗ ಅವು ತಯಾರಾಗುವುದಿಲ್ಲ, ಮಾರುಕಟ್ಟೆಯಲ್ಲಿ ನಕಲಿ ತುಂಬಿದೆ. ಐಸಿ ಸುಟ್ಟರೆ ಹಾಕಿದ ಹೊಸದು ಎಷ್ಟು ದಿನ ಬಾಳುತ್ತದೋ ಗೊತ್ತಾಗುವುದಿಲ್ಲ. ಎರಡು ಆಂಪ್ಲಿಫೈಯರ್ ಒಂದೇ ಬೆಲೆಗೆ ಸಿಕ್ಕರೆ ಬಿಡಿ ಟ್ರಾನ್ಸಿಸ್ಟರಿನದನ್ನೇ ತಗೊಳ್ಳಿ.

ವೋಲ್ಟೇಜನ್ನೂ ಹಿಂದಿನ ಪಟ್ಟಿಯಲ್ಲಿ ಓದಿ. ಜಪಾನಿನಲ್ಲೇ ಮಾರಿದ ಸೆಟ್ಟು 100 ವೋಲ್ಟಿನದು, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಹಾಕಿದರೆ ಅವತ್ತೇ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ನಡೆಸಬಹುದು, ಆದರೆ ಯಾರೋ ಒಬ್ಬರು ಗೊತ್ತಿಲ್ಲದೆ ಪ್ಲಗ್ಗನ್ನು ಗೋಡೆಗೆ ಹಾಕುವ ಭಯ ಮನೆಯಲ್ಲಿ ಯಾವಾಗಲೂ ಇರುತ್ತದೆ. ಮಕ್ಕಳಿರುವ ಮನೆಗೆ ನಾನು ಬೇಡ ಅನ್ನುತ್ತೇನೆ. ಕೆಲವು ಸೆಟ್ಟುಗಳಲ್ಲಿ ಹಿಂದೆ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ, ಅದು 220 ಅಥವಾ 240ಕ್ಕೆ ತಿರುಗಿದೆಯೇ ನೋಡಿ, ಆಮೇಲೆ ಸ್ವಿಚ್ ಹಾಕಿ.

ಎವಿ ರಿಸೀವರ್ ಎರಡನೆಯ ದಾರಿ. ಹೊಸದಿದ್ದಾಗ ಐವತ್ತು-ಅರವತ್ತು ಸಾವಿರ ಕೊಟ್ಟದ್ದು ಇವತ್ತು ಅದರ ಸಣ್ಣ ಪಾಲಿಗೆ ಸಿಗುತ್ತದೆ, ಯಾಕೆಂದರೆ ಅದರ ಎಚ್‌ಡಿಎಂಐ ಹಳೆಯದು, ಎಷ್ಟೋ ಸೆಟ್ಟು ಇಂದಿನ 4ಕೆ ವಿಡಿಯೋವನ್ನು ಪೂರ್ತಿ ದಾಟಿಸುವುದಿಲ್ಲ. ಸ್ಟೀರಿಯೋ ಕೇಳಲು ಅದೇನೂ ಅಡ್ಡಿಯಲ್ಲ. ಆಪ್ಟಿಕಲ್ (ಬೆಳಕಿನ ಕೇಬಲ್ಲಿನ ಡಿಜಿಟಲ್) ಇನ್‌ಪುಟ್ ಇರುವುದರಿಂದ ಟಿವಿಗೆ ನೇರ ಜೋಡಿಯಾಗುತ್ತದೆ, ರಿಮೋಟ್ ಇದೆ, ಸಬ್‌ವೂಫರ್ ಔಟ್ ಇದೆ. ಮನೆಯವರೆಲ್ಲ ಟಿವಿಗೂ ಅದನ್ನೇ ಬಳಸುವುದಾದರೆ ಇದು ನಿಜಕ್ಕೂ ಅಗ್ಗ. ತೊಂದರೆ ಏನೆಂದರೆ ಒಳಗೆ ಒಂದರ ಮೇಲೊಂದು ಬೋರ್ಡ್. ಡಿಜಿಟಲ್ ಬೋರ್ಡ್ ಹೋದರೆ ನಮ್ಮೂರಿನಲ್ಲಿ ಯಾಕೆ, ಬೆಂಗಳೂರಿನಲ್ಲೂ ಅದೇ ಮಾದರಿಯ ಇನ್ನೊಂದು ಸತ್ತ ಸೆಟ್ಟು ಸಿಕ್ಕರಷ್ಟೇ ಉಳಿಗಾಲ. ಸೆಕೆ ಇದರ ಶತ್ರು. ಬೇಸಿಗೆಯಲ್ಲಿ ಮುಚ್ಚಿದ ಶೋಕೇಸಿನೊಳಗೆ ಇಟ್ಟರೆ ಬೇಗ ಹೋಗುತ್ತದೆ. ಹೋದರೆ ಹೋಗಲಿ ಅನ್ನುವಷ್ಟು ಕಡಿಮೆ ಬೆಲೆಗೆ ಸಿಕ್ಕರೆ ಮಾತ್ರ ತಗೊಳ್ಳಿ.

ಮೂರನೆಯದು ಹೊಸ ಸಣ್ಣ ಕ್ಲಾಸ್-ಡಿ ಆಂಪ್ಲಿಫೈಯರ್, ಅಂದರೆ ಕಡಿಮೆ ಬಿಸಿಯಾಗುವ, ಕಡಿಮೆ ಕರೆಂಟ್ ತಿನ್ನುವ ಜಾತಿಯದು. ಅಂಗೈ ಅಗಲದ ಡಬ್ಬಿ, ಲ್ಯಾಪ್‌ಟಾಪಿನಂಥ ಅಡಾಪ್ಟರ್, ಬ್ಲೂಟೂತ್ ಒಳಗೇ ಇರುತ್ತದೆ. ಇದನ್ನು ಯಾಕೆ ಇಲ್ಲಿ ತಂದೆ ಅಂದರೆ, ಬಜೆಟ್ ಹತ್ತು ಸಾವಿರದ ಆಸುಪಾಸು ಇರುವವರಿಗೆ ಹಳೆ ಆಂಪ್ಲಿಫೈಯರಿಗಿಂತ ಇದೇ ಒಳ್ಳೆಯದು. ಉಳಿದ ದುಡ್ಡನ್ನೆಲ್ಲ ಸ್ಪೀಕರಿಗೆ ಹಾಕಬಹುದು. ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬಬೇಡಿ, 24 ವೋಲ್ಟಿನ ಅಡಾಪ್ಟರಿನಲ್ಲಿ 8 ಓಮ್ ಸ್ಪೀಕರಿಗೆ ಚಾನಲ್ಲಿಗೆ ಮೂವತ್ತು ವ್ಯಾಟಿನ ಆಸುಪಾಸು ಬಂದರೆ ಹೆಚ್ಚು. ಮನೆಗೆ ಅಷ್ಟು ಸಾಕು. ಕೆಟ್ಟರೆ ಮಾತ್ರ ರಿಪೇರಿ ಅನ್ನುವುದು ಬಹುಶಃ ಇಲ್ಲ.

ಹಳೆಯ 'ಹೋಂ ಥಿಯೇಟರ್ ಇನ್ ಎ ಬಾಕ್ಸ್' ಸೆಟ್ಟು, ಡಿವಿಡಿ ಪ್ಲೇಯರಿನೊಂದಿಗೆ ಐದು ಪುಟ್ಟ ಸ್ಪೀಕರ್ ಬರುತ್ತಿತ್ತಲ್ಲ, ಅದನ್ನು ಬಿಟ್ಟುಬಿಡಿ. ಅದರ ಸ್ಪೀಕರ್ ಬೇರೆ ಆಂಪ್ಲಿಫೈಯರಿಗೆ ಹೊಂದುವುದು ಕಷ್ಟ, ಕೆಲವು 3 ಓಮಿನವು, ಪಿನ್ನೂ ಬೇರೆ. ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ಅಂತ ಹೇಳುವ ಜಾಹೀರಾತಿನ ಲೆಕ್ಕ) ವ್ಯಾಟ್ ಅಂತ ಸಾವಿರಗಟ್ಟಲೆ ಬರೆದದ್ದಕ್ಕೂ ಬೆಲೆ ಕೊಡಬೇಡಿ. 1978ರಲ್ಲಿ ಬಂದ ನ್ಯಾಡ್ 3020 ಆಂಪ್ಲಿಫೈಯರಿಗೆ ಚಾನಲ್ಲಿಗೆ ಇದ್ದದ್ದು 20 ವ್ಯಾಟ್. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಸ್ಪೀಕರ್: ಇಲ್ಲಿ ಅವಸರ ಮಾಡಬೇಡಿ

ಕಪಾಟು, ಸ್ಟ್ಯಾಂಡಿನ ಮೇಲೆ ಇಡುವ ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ನಮ್ಮ ಹೆಚ್ಚಿನ ಮನೆಗಳಿಗೆ ಸರಿ. ವಾರ್ಫ್‌ಡೇಲ್ ಡೈಮಂಡ್, ಮಿಷನ್, ಪೋಲ್ಕ್, ಜಾಮೊ, ಸೋನೋಡೈನ್, ಹೀಗೆ ಆಗಾಗ ಮಾರಾಟಕ್ಕೆ ಬರುತ್ತಿರುತ್ತವೆ. ವೂಫರ್ ಸಣ್ಣದು, ರಬ್ಬರ್ ಅಂಚು, ಹತ್ತು-ಹದಿನೈದು ವರ್ಷ ಆದರೂ ಸಾಮಾನ್ಯವಾಗಿ ಗಟ್ಟಿ. ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಿದರೂ ಉಳಿಯುತ್ತವೆ. ಗಾಯಕರ ದನಿ ನಡುವೆ ನಿಂತು ಹಾಡಿದಂತೆ ಕೇಳಿಸುವುದರಲ್ಲಿ ಒಳ್ಳೆಯ ಬುಕ್‌ಶೆಲ್ಫ್ ಜೋಡಿಯನ್ನು ಅದೇ ಬೆಲೆಯ ದೊಡ್ಡ ಸ್ಪೀಕರ್ ಮೀರಿಸುವುದು ಅಪರೂಪ.

ನೆಲದ ಮೇಲೆ ನಿಲ್ಲುವ ಫ್ಲೋರ್‌ಸ್ಟ್ಯಾಂಡರ್‌ಗೆ ಸ್ಟ್ಯಾಂಡ್ ಖರ್ಚಿಲ್ಲ, ತಬಲಾದ ಬಾಯಾ ತುಂಬಿಕೊಂಡು ಬರುತ್ತದೆ. ಆದರೆ ಗೋಡೆಯಿಂದ ಎರಡು ಅಡಿ ಜಾಗ ಬೇಕು. ಜಾಗ ಇಲ್ಲ ಅಂದರೆ ಅದರ ಗುಣವೇ ಅವಗುಣ.

ಇನ್ನು ಹಳೆಯ ದೊಡ್ಡ ತ್ರೀ-ವೇ ಸ್ಪೀಕರ್‌ಗಳು, ಅಂದರೆ ತಗ್ಗಿನ, ನಡುವಿನ, ಮೇಲಿನ ಸ್ವರಕ್ಕೆ ಬೇರೆ ಬೇರೆ ಕೋನ್ ಇರುವವು. ಹತ್ತು-ಹನ್ನೆರಡು ಇಂಚಿನ ವೂಫರ್, ತೇಗದ ಬಣ್ಣದ ಪೆಟ್ಟಿಗೆ, ನೋಡಿದರೆ ಆಸೆಯಾಗುತ್ತದೆ. ಇವುಗಳ ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಅಳತೆ) ಹಲವು ಸಲ 90 ಡೆಸಿಬೆಲ್ ಮೇಲಿರುತ್ತದೆ. 3 ಡೆಸಿಬೆಲ್ ಕಡಿಮೆ ಆದರೆ ಅದೇ ಸದ್ದಿಗೆ ಎರಡು ಪಟ್ಟು ವ್ಯಾಟ್ ಬೇಕು, ಅಂದರೆ 84ರ ಸ್ಪೀಕರಿಗೆ ಬೇಕಾದ ಶಕ್ತಿಯ ಕಾಲುಭಾಗದಲ್ಲೇ 90ರದು ಅಷ್ಟೇ ಜೋರಾಗಿ ಹಾಡುತ್ತದೆ. ಇಪ್ಪತ್ತು ವ್ಯಾಟಿನ ಹಳೆ ಆಂಪ್ಲಿಫೈಯರ್ ಕೈಲಿದ್ದವರಿಗೆ ಇದು ದೊಡ್ಡ ಲಾಭ. ಪಡಸಾಲೆ ದೊಡ್ಡದಿದ್ದರೆ ಖಂಡಿತ ಯೋಚಿಸಿ. ಆದರೆ ಅಂಚಿನ ಫೋಮ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ವೂಫರಿನ ಸುತ್ತಲಿನ ಫೋಮ್ ಉಂಗುರ ಹದಿನೈದು-ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತದೆ, ಬಳಸದೆ ಸುಮ್ನೆ ಇಟ್ಟರೂ ಅಷ್ಟೇ. ಬೆರಳಿನಿಂದ ಮೆಲ್ಲಗೆ ಮುಟ್ಟಿ. ಅಂಟಂಟಾಗಿದ್ದರೆ ಅಥವಾ ಪುಡಿ ಉದುರಿದರೆ ಹೊಸ ಫೋಮ್ ಹಾಕಿಸಬೇಕು. ಅದು ಆಗದ ಕೆಲಸವಲ್ಲ, ಬೆಲೆಯಲ್ಲಿ ಅಷ್ಟು ಕಳೆದು ಮಾತಾಡಿ. ಅಂಚು ಮಡಿಕೆ ಬಟ್ಟೆಯದಾಗಿದ್ದರೆ ಭಯ ಬೇಡ, ಅದು ದಶಕಗಟ್ಟಲೆ ಬಾಳುತ್ತದೆ.

ಧಾರವಾಡದ ಮಳೆಗಾಲ ಗೊತ್ತಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮನೆಯ ಅಟ್ಟದಲ್ಲೋ ಕೆಳಗಿನ ಕೋಣೆಯಲ್ಲೋ ಇದ್ದ ಪೆಟ್ಟಿಗೆ ತೇವ ಕುಡಿದಿರುತ್ತದೆ. ಪಾರ್ಟಿಕಲ್ ಬೋರ್ಡ್ ಆದರೆ ಕೆಳಗಿನ ಅಂಚು ಊದಿಕೊಳ್ಳುತ್ತದೆ, ಕೋನ್ ಮೇಲೆ ಬೂಸು ಬರುತ್ತದೆ. ಸ್ಪೀಕರನ್ನು ಮಲಗಿಸಿ ತಳ ನೋಡಿ. ಪೆಟ್ಟಿಗೆ ಊದಿದ್ದರೆ ಯಾವ ಬ್ರ್ಯಾಂಡ್ ಆದರೂ ಬಿಡಿ. ಗದಗ, ಹಾವೇರಿ ಕಡೆ ತೇವಕ್ಕಿಂತ ಧೂಳಿನ ಕಾಟ, ಅದನ್ನು ಒರೆಸಬಹುದು.

ಗಣಪತಿ ಹಬ್ಬಕ್ಕೆ, ಮದುವೆಗೆ ಬಾಡಿಗೆಗೆ ಹೋಗಿ ಬಂದ ಪೆಂಡಾಲ್ ಸ್ಪೀಕರನ್ನು ಮನೆಗೆ ತರಬೇಡಿ. ಅದು ಬಯಲಿನಲ್ಲಿ ದೂರಕ್ಕೆ ಕೂಗಲು ಮಾಡಿದ್ದು, ತಂಬೂರಿಯ ಜವಾರಿ (ತಂತಿಯ ಝೇಂಕಾರ) ಅದರಲ್ಲಿ ಕೇಳುವುದಿಲ್ಲ.

ಆಂಪ್ಲಿಫೈಯರ್ ಒಳಗೇ ಇರುವ ಪವರ್ಡ್ ಸ್ಪೀಕರ್‌ಗಳೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಓದುವ ಮೇಜಿಗೆ, ಹಾಸ್ಟೆಲ್ ಕೋಣೆಗೆ, ಬಾಡಿಗೆ ಮನೆ ಬದಲಿಸುತ್ತಿರುವವರಿಗೆ ಅನುಕೂಲ. ಒಂದು ಕೆಟ್ಟರೆ ಎರಡೂ ನಿಂತವು ಅನ್ನುವುದೇ ಅದರ ಮಿತಿ.

ಯಾರಿಗೆ ಯಾವ ಜೋಡಿ

ಹತ್ತು ಸಾವಿರದೊಳಗೆ, ಸಣ್ಣ ಕೋಣೆ, ಮೊಬೈಲಿನಿಂದ ಹಾಡು: ಹೊಸ ಕ್ಲಾಸ್-ಡಿ ಡಬ್ಬಿ, ಹಳೆಯ ಬುಕ್‌ಶೆಲ್ಫ್. ಬೇರೆ ಯೋಚನೆ ಬೇಡ.

ಇಪ್ಪತ್ತೈದು ಸಾವಿರ ಇದ್ದು ಮುಖ್ಯವಾಗಿ ಗಾಯನ ಕೇಳುವವರು ಅರ್ಧಕ್ಕಿಂತ ಜಾಸ್ತಿ ಸ್ಪೀಕರಿಗೆ ಹಾಕಿ, ಉಳಿದದ್ದರಲ್ಲಿ ಸರಳ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ತಗೊಳ್ಳಿ. ಮೊಬೈಲ್ ಜೋಡಿಸಲು ಬ್ಲೂಟೂತ್ ರಿಸೀವರ್ ಸಾಕು. ಈಗಿನ ಟಿವಿಗಳಲ್ಲಿ ಕೆಂಪು-ಬಿಳಿ ಆರ್‌ಸಿಎ ಔಟ್ ಇರುವುದು ಕಡಿಮೆ, ಆಪ್ಟಿಕಲ್ ಇರುತ್ತದೆ, ಅದಕ್ಕೊಂದು ಸಣ್ಣ ಡ್ಯಾಕ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಡಬ್ಬಿ) ಬೇಕು, ಮತ್ತು ಟಿವಿಯ ಆಡಿಯೋ ಸೆಟ್ಟಿಂಗಿನಲ್ಲಿ ಪಿಸಿಎಂ (ಸಾದಾ ಸ್ಟೀರಿಯೋ ಡಿಜಿಟಲ್) ಆರಿಸಬೇಕು, ಇಲ್ಲದಿದ್ದರೆ ಡ್ಯಾಕಿನಿಂದ ಸದ್ದೇ ಬರುವುದಿಲ್ಲ. ರೆಕಾರ್ಡ್ ಪ್ಲೇಯರ್ ಇದ್ದವರು ಹಿಂದೆ 'ಫೋನೋ' ಇನ್‌ಪುಟ್ ಇದೆಯೇ ನೋಡಿ. ಹಳೆಯ ಆಂಪ್ಲಿಫೈಯರಿನಲ್ಲಿ ಅದು ಪುಕ್ಕಟೆ ಬಂದಂತೆ, ಹೊಸ ಡಬ್ಬಿಗೆ ಬೇರೆ ಪ್ರೀಆಂಪ್ ಕೊಳ್ಳಬೇಕು.

ಮನೆಮಂದಿ ಸೇರಿ ಸಿನಿಮಾ ನೋಡುವುದೇ ಜಾಸ್ತಿ ಅಂದರೆ ಎವಿ ರಿಸೀವರಿನ ಜೊತೆ ಎರಡು ಒಳ್ಳೆಯ ಸ್ಪೀಕರ್. ಐದು ಅಗ್ಗದ ಸ್ಪೀಕರಿಗಿಂತ ಇದು ಮೇಲು. ಸೆಂಟರ್ ಸ್ಪೀಕರ್ ಮುಂದಿನ ವರ್ಷ ಬರಲಿ.

ಐವತ್ತು ಸಾವಿರದ ಹತ್ತಿರ ಖರ್ಚು ಮಾಡಬಲ್ಲವರಿಗೆ ಒಂದು ವಿನಂತಿ. ಆ ದುಡ್ಡಿಗೆ ಐದಾರು ವರ್ಷ ಹಳೆಯ, ಬಿಲ್ ಇರುವ ಆಂಪ್ಲಿಫೈಯರ್ ಸಿಗುತ್ತದೆ. ನಲವತ್ತು ವರ್ಷದ ಹಳೆಯದಕ್ಕೆ ಹೆಸರಿನ ಮೋಹದಿಂದ ಅಷ್ಟು ಕೊಡಬೇಡಿ, ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿದ್ದರೆ ಮಾತ್ರ ಯೋಚಿಸಿ.

ಮಾರುವವರ ಮನೆಯಲ್ಲಿ

ಒಂದು ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್, ಟಾರ್ಚ್, ನಿಮಗೆ ಬಾಯಿಪಾಠ ಇರುವ ಹಾಡು. ಇಷ್ಟು ಒಯ್ಯಿರಿ. ಸಂಕೋಚ ಬೇಡ. "ಅಣ್ಣಾರ, ಮ್ಯಾಲಿನ ಮುಚ್ಚಳ ಒಂದಿಷ್ಟು ಬಿಚ್ಚಿ ತೋರಸ್ರಿ" ಅಂದರೆ ಪ್ರಾಮಾಣಿಕವಾಗಿ ಮಾರುವವರು ತೋರಿಸುತ್ತಾರೆ. ಮುಚ್ಚಳ ಬಿಚ್ಚುವ ಮುಂಚೆ ಪ್ಲಗ್ ತೆಗೆದಿರಬೇಕು, ಒಳಗೆ ಕೈ ಹಾಕುವುದು ಬೇಡ. ದೊಡ್ಡ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರಬಹುದು. ಕಣ್ಣಿಗೆ ಕಾಣಬೇಕಾದ್ದು ಇಷ್ಟೇ: ಕೆಪಾಸಿಟರಿನ ತಲೆ ಉಬ್ಬಿದೆಯೇ, ಬೋರ್ಡ್ ಸುಟ್ಟು ಕಂದಾಗಿದೆಯೇ, ಇಲಿ ವೈರ್ ಕಡಿದಿದೆಯೇ.

ವರ್ಷಗಟ್ಟಲೆ ಮುಚ್ಚಿಟ್ಟ ಆಂಪ್ಲಿಫೈಯರನ್ನು ನೇರ ಕರೆಂಟಿಗೆ ಹಾಕಿಸಬೇಡಿ. ಮೆಕ್ಯಾನಿಕ್ ಹತ್ತಿರ ಸೀರೀಸ್ ಬೋರ್ಡ್ ಇರುತ್ತದೆ, ಅಂದರೆ ಹಳೆಯ ತಂತಿ ಬಲ್ಬಿನ ಮೂಲಕ ಕರೆಂಟ್ ಕೊಡುವುದು. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸರಿ. ಹೊಳೆಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ಸ್ವಿಚ್ ಹಾಕಿದ ಮೇಲೆ ಕೆಲವು ಸೆಕೆಂಡಿಗೆ 'ಟಕ್' ಅಂತ ರಿಲೇ (ಸ್ಪೀಕರನ್ನು ಜೋಡಿಸುವ ಒಳಗಿನ ಸ್ವಿಚ್) ಸದ್ದು ಬರಬೇಕು, ರಿಲೇ ಇಲ್ಲದ ಮಾದರಿಗಳನ್ನು ಬಿಟ್ಟು. ಆಮೇಲೆ ಸ್ಪೀಕರ್ ವೈರ್ ತೆಗೆದು, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಸ್ಪೀಕರ್ ಟರ್ಮಿನಲ್ ಮೇಲೆ ಮೀಟರಿನಲ್ಲಿ ಡಿಸಿ ನೋಡಿ. 50 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. 100 ದಾಟಿದರೆ ಮೆಕ್ಯಾನಿಕ್ ನೋಡದೆ ಕೊಳ್ಳಬೇಡಿ, ಅದು ಮುಂದೆ ಸ್ಪೀಕರನ್ನೂ ಸುಡಬಹುದು. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಗೆ ಬಹುತೇಕ ಸರಿಹೋಗುತ್ತದೆ.

ಸ್ಪೀಕರಿಗೆ: 8 ಓಮಿನದು ಮೀಟರಿನಲ್ಲಿ ಆರು-ಏಳು ತೋರಿಸುತ್ತದೆ, 4 ಓಮಿನದು ಮೂರರ ಮೇಲೆ. ಎರಡರಲ್ಲೂ ಲೆಕ್ಕ ಒಂದೇ ಬರಬೇಕು. ಪೆನ್ಸಿಲ್ ಸೆಲ್ಲನ್ನು ಕ್ಷಣ ಮುಟ್ಟಿಸಿದರೆ ಪ್ಲಸ್ಸಿಗೆ ಪ್ಲಸ್ ತಾಗಿದಾಗ ವೂಫರ್ ಹೊರಗೆ ಬರುತ್ತದೆ, ಸಾಮಾನ್ಯವಾಗಿ ಎರಡೂ ಒಂದೇ ದಿಕ್ಕಿಗೆ. ಕೋನನ್ನು ಎರಡೂ ಕೈ ಬೆರಳಿನಿಂದ ಸಮನಾಗಿ ಒತ್ತಿ, ಉಜ್ಜುವ ಸದ್ದು ಬಂದರೆ ಕಾಯಿಲ್ ಕೆಟ್ಟಿದೆ. ಟ್ವೀಟರಿಗೆ (ಮೇಲಿನ ಸ್ವರ ನುಡಿಸುವ ಸಣ್ಣ ಭಾಗ) ಕಿವಿ ಹಚ್ಚಿ, ಮೆಲ್ಲಗೆ ಹಾಡು ಹಾಕಿ, ಎರಡೂ ಬದಿಯಲ್ಲಿ ಬರುತ್ತಿದೆಯೇ ಕೇಳಿ. ವಯಸ್ಸಾದವರು ಈ ಕೆಲಸಕ್ಕೆ ಮಗನನ್ನೋ ಮಗಳನ್ನೋ ಕರೆದೊಯ್ಯಿರಿ, ಮೇಲಿನ ಸ್ವರ ಎಳೆಯ ಕಿವಿಗೆ ಚೆನ್ನಾಗಿ ಕೇಳುತ್ತದೆ.

ಕೊನೆಗೆ ಗಂಗೂಬಾಯಿಯವರ ಒಂದು ಹಾಡು ಹಾಕಿ. ಆ ತುಂಬು ದನಿಯ ಎದೆಯ ಭಾರ ಉಳಿದಿದೆಯೇ, ಡಬ್ಬದೊಳಗಿಂದ ಬಂದಂತಿದೆಯೇ? ಹಿಂದೆ ತಂಬೂರಿ ಬೇರೆಯಾಗಿ ಕೇಳುತ್ತದೆಯೇ? ಇಷ್ಟು ಸರಿ ಇದ್ದರೆ ಉಳಿದ ಸಂಗೀತವೂ ಸರಿ ಬರುತ್ತದೆ. ಅರ್ಧ ತಾಸಾದರೂ ಓಡಿಸಿ, ಹೀಟ್‌ಸಿಂಕಿನ ಎರಡೂ ಬದಿ ಒಂದೇ ಥರ ಬಿಸಿಯಾಗಬೇಕು.

ಮನೆಗೆ ತಂದ ಮೇಲೆ

ಇಲ್ಲಿ ದುಡ್ಡು ಬೇಕಿಲ್ಲ, ಆದರೆ ದನಿ ಸುಧಾರಿಸುವುದು ಇಲ್ಲೇ ಜಾಸ್ತಿ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ ಸುಮಾರು ಅಷ್ಟೇ ದೂರದಲ್ಲಿ ನೀವು ಕೂರಬೇಕು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ನೆಲಕ್ಕೆ ಕೂತು ಕೇಳುವ ಅಭ್ಯಾಸ ಇದ್ದರೆ ಸ್ಟ್ಯಾಂಡೂ ಗಿಡ್ಡ ಇರಲಿ. ಕಬ್ಬಿಣದ ಸ್ಟ್ಯಾಂಡನ್ನು ಗ್ರಿಲ್ ಮಾಡುವವರ ಹತ್ತಿರ ಮಾಡಿಸಿ, ಪೈಪಿನೊಳಗೆ ಒಣ ಉಸುಕು ತುಂಬಿಸಿ, ಅದುರುವುದಿಲ್ಲ. ಮೂಲೆಯಿಂದ ಹೊರಗೆ ಎಳೆಯಿರಿ, ಹಿಂದೆ ರಂಧ್ರ ಇರುವ ಸ್ಪೀಕರ್ ಆದರೆ ಗೋಡೆಯಿಂದ ಒಂದಡಿಯಾದರೂ.

ಶಹಾಬಾದಿ ಫರಸಿ, ಟೈಲ್ಸ್, ಬರಿಯ ಗೋಡೆ ಇದ್ದಲ್ಲಿ ದನಿ ಖಣಖಣ ಅನ್ನುತ್ತದೆ. ನಿಮಗೂ ಸ್ಪೀಕರಿಗೂ ನಡುವೆ ನವಲಗುಂದದ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿ ತೂಗುಹಾಕಿ ನೋಡಿ. ಸಾವಿರಾರು ರೂಪಾಯಿ ಕೇಬಲ್ ಮಾಡದ ಕೆಲಸ ಇದು ಮಾಡುತ್ತದೆ. ವೈರ್ ಅಂದರೆ ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ್ದು ಸಾಕು, ದೂರ ಇದ್ದರೆ 2.5. ತುದಿ ಕೆರೆದಾಗ ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ವಾಪಸ್ ಕೊಡಿ.

'ಹುಂ' ಅಂತ ಸದ್ದು ಬಂದರೆ ಮೊದಲು ಸೆಟ್‌ಟಾಪ್ ಬಾಕ್ಸಿನ ಕೇಬಲ್ ತೆಗೆದು ನೋಡಿ, ಎಷ್ಟೋ ಸಲ ಅದೇ ಕಾರಣ. ಆಮೇಲೂ ನಿಲ್ಲದಿದ್ದರೆ ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕೊನೆಗೆ ಒಂದು ಮೋನೋ ರೆಕಾರ್ಡಿಂಗ್ ಹಾಕಿ ನಟ್ಟನಡುವೆ ಕೂತುಕೊಳ್ಳಿ. ಗಾಯಕರು ಸರಿಯಾಗಿ ಮಧ್ಯದಲ್ಲಿ ನಿಲ್ಲಬೇಕು. ದನಿ ಎಲ್ಲೆಲ್ಲೋ ಹರಡಿ ಬಾಸ್ ಮಾಯವಾಗಿದ್ದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ವೈರ್ ಅದಲುಬದಲಾಗಿದೆ. ಆಂಪ್ಲಿಫೈಯರ್ ಬಂದ್ ಮಾಡಿ, ಆ ಒಂದನ್ನು ತಿರುಗಿಸಿ ಹಾಕಿ, ಮತ್ತೆ ಕೇಳಿ.